ಮಧುಗಿರಿ ಸೀಮೆ ಮತ್ತು ಮೈಸೂರಿನ ಪ್ರಜಾಪ್ರತಿನಿಧಿ ಸಭೆ

ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿದ್ದು 1881ರ ಅಕ್ಟೋಬರ್ 7ರಂದು. ಐವತ್ತು ವರ್ಷ ರಾಜ್ಯವನ್ನು ತಮ್ಮ ಕೈಯಲ್ಲಿಟ್ಟುಕೊಂಡಿದ್ದ ಬ್ರಿಟಿಷರು ಅದೇ ವರ್ಷ ಮಾರ್ಚ್ 25ರಂದು ಅದನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿಸಿದ್ದರು. ದಿವಾನ್ ಸಿ. ರಂಗಾಚಾರ್ಲು ಹೊರಡಿಸಿದ ಆಜ್ಞೆಯಂತೆ ಪ್ರತಿ ತಾಲೂಕಿನಿಂದ ಒಬ್ಬರೋ ಇಬ್ಬರೋ ಹಿಡುವಳಿದಾರರು, ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ವರ್ತಕರು ದಸರೆಯ ಹೊತ್ತಿಗೆ ಮೈಸೂರಿಗೆ ಬಂದು ಸರ್ಕಾರದ ಮುಂದೆ ಕೂರಬೇಕಿತ್ತು. ಮೊದಲ ವರ್ಷದ ಸದಸ್ಯರು 144. ಈಗಿನ ತುಮಕೂರು ಜಿಲ್ಲೆಯ ಉತ್ತರಕ್ಕಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲುಸೀಮೆಗೂ ಈ ಏರ್ಪಾಟು ಅನ್ವಯಿಸಿತು.

ಆ ಸೀಮೆಗೆ ಇದು ಹೊಸ ಅನುಭವ. ಶಿರಾ 1687ರಿಂದ ಮೊಗಲರ ಸುಬೆಯ ಕೇಂದ್ರವಾಗಿತ್ತು. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ, ಪಾವಗಡದ ಬೆಟ್ಟದ ಕೋಟೆಗಳಲ್ಲಿ ಪಾಳೆಯಗಾರರಿದ್ದರು. ಪೊಗದಿ ಮೇಲಕ್ಕೆ ಹೋಗುತ್ತಿತ್ತು, ಹುಕುಂ ಕೆಳಕ್ಕೆ ಬರುತ್ತಿತ್ತು. ಹೈದರ್, ಟಿಪ್ಪು, ಬ್ರಿಟಿಷ್ ಕಮಿಷನರ್, ಯಾರೇ ಆಳಿದರೂ ಈ ದಾರಿ ಬದಲಾಗಿರಲಿಲ್ಲ. 1876–78ರ ಬರದಲ್ಲಿ ರಾಜ್ಯದ ಜನಸಂಖ್ಯೆ ಎಷ್ಟು ಕುಸಿಯಿತೆಂಬುದು ಜನಗಣತಿಯಲ್ಲೇ ಇದೆ: 1871ರಲ್ಲಿ 50 ಲಕ್ಷ ದಾಟಿದ್ದದ್ದು 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆ ಸಾವುಗಳ ಬೆನ್ನಿಗೇ ಕೂಡಿದ ಸಭೆಯಲ್ಲಿ ಕೆರೆ ದುರಸ್ತಿ, ಕಂದಾಯ ಮಾಫಿ, ರಸ್ತೆ, ಕಾಡಿನ ಹಕ್ಕುಗಳಂಥ ಸಂಗತಿಗಳೇ ಮುಂದೆ ಬಂದದ್ದು ಸಹಜ.

ಮೈಸೂರಿಗೆ ಹೋಗುವುದೇ ಒಂದು ಸಾಹಸವಾಗಿತ್ತು. 1881ರಲ್ಲಿ ತುಮಕೂರಿಗೆ ರೈಲು ಬಂದಿರಲಿಲ್ಲ, ಅದು ಬಂದದ್ದು 1884ರಲ್ಲಿ. ಬೆಂಗಳೂರಿನಿಂದ ಹೊರಟ ಹಳಿಯೂ ಆ ದಸರೆಯ ಹೊತ್ತಿಗೆ ಮೈಸೂರನ್ನು ಮುಟ್ಟಿರಲಿಲ್ಲ. ಪಾವಗಡವಂತೂ ಮದ್ರಾಸ್ ಪ್ರಾಂತ್ಯದ ನೆಲದ ನಡುವೆ ಚಾಚಿಕೊಂಡಿದ್ದ ತಾಲೂಕು. ಅಲ್ಲಿಂದ ಗಾಡಿ ಕಟ್ಟಿಕೊಂಡು ಹೊರಟವನು ರಾಜಧಾನಿ ಸೇರಲು ದಿನಗಟ್ಟಲೆ ದಾರಿ ಸವೆಸಬೇಕಿತ್ತು.

ಸಭೆಯ ನಡಾವಳಿ ಸರಳ. ದಿವಾನರು ವರ್ಷದ ಆಯವ್ಯಯ ಮತ್ತು ಆಡಳಿತದ ವರದಿ ಓದುವರು. ಆಮೇಲೆ ಪ್ರತಿನಿಧಿಗಳು ತಮ್ಮ ಸೀಮೆಯ ಅಹವಾಲು ಹೇಳುವರು, ದಿವಾನರು ಉತ್ತರ ಕೊಡುವರು. ಮತ ಹಾಕುವಂತಿರಲಿಲ್ಲ, ಲೆಕ್ಕವನ್ನು ತಡೆಹಿಡಿಯುವಂತಿರಲಿಲ್ಲ. ಆದರೂ ಖಜಾನೆಗೆ ಎಷ್ಟು ಬಂತು, ಎಲ್ಲಿ ಖರ್ಚಾಯಿತು ಎಂದು ರಾಜ್ಯದ ಮುಖ್ಯಾಧಿಕಾರಿ ಹಳ್ಳಿಯ ಹಿಡುವಳಿದಾರನ ಎದುರು ನಿಂತು ವರ್ಷಕ್ಕೊಮ್ಮೆ ಹೇಳಬೇಕಾದದ್ದು ಸಣ್ಣ ಮಾತಲ್ಲ. ತಾಲೂಕಿನ ಅಮಲ್ದಾರನ ಮೇಲಿನ ದೂರು ಅಮಲ್ದಾರನನ್ನು ದಾಟಿ ಹೋಗಲು ಒಂದು ದಾರಿಯಾಯಿತು. ಈ ವ್ಯವಸ್ಥೆಯ ಮೊದಲ ಬಲ ಇದು.

ಎರಡನೆಯ ಬಲ ತಾಲೂಕನ್ನೇ ಘಟಕವಾಗಿ ಹಿಡಿದ ನಿಯಮ. ಅಮೆರಿಕದ 1787ರ ಸಂವಿಧಾನ ಸೆನೆಟ್‌ನಲ್ಲಿ ದೊಡ್ಡ ರಾಜ್ಯಕ್ಕೂ ಚಿಕ್ಕ ರಾಜ್ಯಕ್ಕೂ ಎರಡೆರಡೇ ಸ್ಥಾನ ಕೊಟ್ಟಿತ್ತು. ರಂಗಾಚಾರ್ಲು ಅದನ್ನು ನೋಡಿ ಬರೆದರೆನ್ನಲು ಆಧಾರವಿಲ್ಲ, ಆದರೆ ಫಲ ಅದನ್ನೇ ಹೋಲುತ್ತದೆ: ಒಣಭೂಮಿಯ ಪಾವಗಡಕ್ಕೂ ನೀರಾವರಿಯ ಮೈಸೂರು ಸೀಮೆಯ ತಾಲೂಕಿಗೂ ಒಂದೇ ಅಳತೆ. ಇದರ ಕೊರತೆಯೂ ಒಂದೇ ಬಗೆಯದು. ಘಟಕವೆಂದು ಗುರುತಾಗದವರು ಲೆಕ್ಕಕ್ಕೆ ಬರುವುದಿಲ್ಲ. ಬಹುಕಾಲ ಮಧುಗಿರಿಗೆ ಸೇರಿದ ಉಪತಾಲೂಕಾಗಿದ್ದ ಕೊರಟಗೆರೆಯ ಹೆಸರು ಆ ನಿಯಮದ ಮಾತಿನಲ್ಲಿ ಎಲ್ಲೂ ಬರುವಂತಿರಲಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಯಾರು ಆರಿಸಬಹುದೆಂಬ ಪ್ರಶ್ನೆಯಲ್ಲಿತ್ತು. ಮೊದಲ ಹತ್ತು ವರ್ಷ ಚುನಾವಣೆಯೇ ಇರಲಿಲ್ಲ, ಸ್ಥಳೀಯ ಮಂಡಳಿಗಳೇ ಹೆಸರು ಸೂಚಿಸುತ್ತಿದ್ದವು. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಿಂದ ಚುನಾವಣೆ ಬಂತು. ಆದರೆ ಮತದ ಹಕ್ಕು ಸಿಕ್ಕಿದ್ದು ಮುಖ್ಯವಾಗಿ ವರ್ಷಕ್ಕೆ 100 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಕಂದಾಯ ಕಟ್ಟುವವರಿಗೆ. ಶಿರಾ, ಪಾವಗಡದ ಖುಷ್ಕಿ ನೆಲಕ್ಕೆ ಹಾಕಿ ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಎಕರೆಗೆ ಒಂದು ರೂಪಾಯಿ ಕಂದಾಯವೆಂದು ಹಿಡಿದರೂ ಮತದಾರನಾಗಲು ನೂರು ಎಕರೆ ಬೇಕು. ರಾಗಿ, ಹುರುಳಿ ಬೆಳೆದು ಬದುಕುವ ಸಾಮಾನ್ಯ ರೈತ, ಕುರಿ ಕಾಯುವ ಕಾಡುಗೊಲ್ಲ, ಕೂಲಿಯಾಳು ಯಾರೂ ಈ ಗೆರೆ ದಾಟುವಂತಿರಲಿಲ್ಲ. ಬರದಲ್ಲಿ ಸತ್ತವರು ಯಾವ ವರ್ಗದವರೋ ಆ ವರ್ಗಕ್ಕೆ ಸಭೆಯಲ್ಲಿ ಬಾಯಿ ಇರಲಿಲ್ಲ.

ಸಭೆಯ ಮಾತಿಗೆ ಸರ್ಕಾರ ಕಟ್ಟುಬಿದ್ದಿರಲಿಲ್ಲವೆಂಬುದು 1894ರ ಬಾಲ್ಯವಿವಾಹ ನಿಷೇಧ ಕಾನೂನಿನಲ್ಲಿ ಸ್ಪಷ್ಟವಾಯಿತು. ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸರು ಹದಿನಾಲ್ಕರೊಳಗಿನ ಹುಡುಗಿಯರನ್ನು ಕಟ್ಟಿಕೊಳ್ಳುವುದನ್ನೂ ತಡೆದ ಈ ಕಾನೂನಿಗೆ ಸಭೆಯಲ್ಲಿ ಬಲವಾದ ವಿರೋಧವಿತ್ತು. ಸರ್ಕಾರ ಅದನ್ನು ಜಾರಿಗೆ ತಂದೇಬಿಟ್ಟಿತು. ಇಲ್ಲಿ ಯಾರನ್ನು ಮೆಚ್ಚಬೇಕೆಂಬುದು ಸುಲಭದ ಪ್ರಶ್ನೆಯಲ್ಲ. ಕಾನೂನು ಒಳ್ಳೆಯದೇ. ಆದರೆ ಅದನ್ನು ಸಾಧ್ಯಮಾಡಿದ ಅದೇ ಅಧಿಕಾರ 1908ರಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನನ್ನೂ ತಂದಿತು. ಎಂ. ವೆಂಕಟಕೃಷ್ಣಯ್ಯನವರಂಥ ಸಂಪಾದಕರು ಹೊಡೆತ ತಿಂದರು. ಅಮೆರಿಕದಲ್ಲಿ 1791ರ ತಿದ್ದುಪಡಿಗಳು ಪತ್ರಿಕೆಯ ಸ್ವಾತಂತ್ರ್ಯವನ್ನು ಶಾಸಕಾಂಗದ ಕೈಗೆಟುಕದಂತೆ ಇಟ್ಟಿದ್ದವು, 1803ರಿಂದ ಅಲ್ಲಿನ ನ್ಯಾಯಾಲಯಕ್ಕೆ ಕಾನೂನನ್ನೇ ರದ್ದುಮಾಡುವ ಶಕ್ತಿಯಿತ್ತು. ಅಲ್ಲಿ ಒಂದು ಅಂಗ ಇನ್ನೊಂದನ್ನು ತಡೆದು ಕೆಲಸ ನಿಧಾನವಾಗುತ್ತದೆ, ಗುಲಾಮಗಿರಿಯಂಥ ಅನ್ಯಾಯ ಅದೇ ತಡೆಗಳ ನೆರಳಲ್ಲಿ ದಶಕಗಟ್ಟಲೆ ಉಳಿಯಿತು. ಮೈಸೂರಿನಲ್ಲಿ ಕೆಲಸ ಬೇಗ ಆಗುತ್ತಿತ್ತು, ತಡೆಯುವವರು ಇರಲಿಲ್ಲ. ಇದ್ದ ಒಂದು ತಡೆಯೂ ಹೊರಗಿನದು: 1881ರ ಹಸ್ತಾಂತರ ಪತ್ರದ ಪ್ರಕಾರ ಆಗ ಜಾರಿಯಲ್ಲಿದ್ದ ಕಾನೂನುಗಳನ್ನು ಬದಲಿಸಲು ಗವರ್ನರ್ ಜನರಲ್‌ರ ಒಪ್ಪಿಗೆ ಬೇಕಿತ್ತು.

ತಿದ್ದುಪಡಿಗಳು ಒಂದೊಂದಾಗಿ ಬಂದವು. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1917ರಿಂದ ಪ್ರತಿನಿಧಿ ಸಭೆ ವರ್ಷಕ್ಕೆರಡು ಸಲ ಸೇರತೊಡಗಿತು. ಬ್ರಜೇಂದ್ರನಾಥ ಸೀಲ್ ಸಮಿತಿಯ ಶಿಫಾರಸಿನ ಮೇಲೆ 1923ರಲ್ಲಿ ಸಭೆಗೆ ಕಾನೂನಿನ ಆಧಾರ ಸಿಕ್ಕಿತು, ಹೊಸ ತೆರಿಗೆಗೂ ಮಸೂದೆಗಳ ತತ್ವಕ್ಕೂ ಅದರ ಅಭಿಪ್ರಾಯ ಕೇಳುವುದು ಕಡ್ಡಾಯವಾಯಿತು, ಮತದಾನಕ್ಕೆ ಹೆಣ್ಣೆಂಬ ಅಡ್ಡಿ ಹೋಯಿತು. ಅಭಿಪ್ರಾಯ ಕೇಳಬೇಕಿತ್ತು, ಒಪ್ಪಬೇಕಿರಲಿಲ್ಲ. ದಿವಾನರನ್ನು ನೇಮಿಸುವವರೂ ತೆಗೆಯುವವರೂ ಮಹಾರಾಜರೇ. ಅಮೆರಿಕದ ಅಧ್ಯಕ್ಷನೂ ಶಾಸಕಾಂಗದ ವಿಶ್ವಾಸದ ಮೇಲೆ ನಿಂತವನಲ್ಲ, ಆದರೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆಗೆ ನಿಲ್ಲಬೇಕು. ದಿವಾನರಿಗೆ ಅದೂ ಇರಲಿಲ್ಲ.

ಕೇಳುವುದಕ್ಕೂ ಒಪ್ಪುವುದಕ್ಕೂ ನಡುವಿನ ಈ ಬಿರುಕು ಬಯಲಾದದ್ದು ಮಧುಗಿರಿಯ ಪಕ್ಕದಲ್ಲೇ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ಹತ್ತು ಮಂದಿ, ಕಾಂಗ್ರೆಸ್ಸಿನವರ ಲೆಕ್ಕ ಅದರ ಮೂರು ಪಟ್ಟು. ಐವತ್ತೇಳು ವರ್ಷಗಳ ಪ್ರಾತಿನಿಧ್ಯದ ಅನುಭವವಿದ್ದ ರಾಜ್ಯಕ್ಕೆ ಒಂದು ಬಾವುಟವನ್ನು ಸಹಿಸಲು ಆಗಲಿಲ್ಲ. ವಲ್ಲಭಭಾಯ್ ಪಟೇಲರು ಮಧ್ಯೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಮಾತಾಡಿದ ಮೇಲೆ ಸಂಧಾನವಾಯಿತು. 1940ರ ಕಾಯಿದೆ ಮಂತ್ರಿಮಂಡಲಕ್ಕೆ ಜನಪ್ರತಿನಿಧಿಗಳನ್ನು ತಂದಿತು, ಹೊಣೆಯನ್ನು ಮಾತ್ರ ಅರಮನೆಯ ಕಡೆಗೇ ಉಳಿಸಿತು. ಜವಾಬ್ದಾರಿ ಸರ್ಕಾರ ಸಿಕ್ಕಿದ್ದು 1947ರ ಸೆಪ್ಟೆಂಬರ್‌ನ ಮೈಸೂರು ಚಲೋ ಚಳವಳಿಯ ನಂತರ. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು, 1949ರ ಡಿಸೆಂಬರ್‌ನಲ್ಲಿ ಪ್ರತಿನಿಧಿ ಸಭೆ ವಿಸರ್ಜನೆಯಾಯಿತು.

ಕೇಳಿಸಿಕೊಳ್ಳುವ ರೂಢಿಯನ್ನು ಅದು ಬಿಟ್ಟುಹೋಯಿತು. ಆದರೆ ಕೇಳಿಸಿಕೊಂಡದ್ದೆಲ್ಲ ನೆರವೇರಲಿಲ್ಲ: ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವೆಂದು ಗುರುತಿಸಿದ 114 ತಾಲೂಕುಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿವೆ. ಈಗ ನಾಲ್ಕೂ ತಾಲೂಕುಗಳ ಹೆಸರಿನಲ್ಲಿ ಒಂದೊಂದು ವಿಧಾನಸಭಾ ಕ್ಷೇತ್ರವಿದೆ. ಅವುಗಳಲ್ಲಿ ಕೊರಟಗೆರೆ, ಪಾವಗಡ ಪರಿಶಿಷ್ಟ ಜಾತಿಗೆ ಮೀಸಲು. ಲೋಕಸಭೆಗೆ ಮಾತ್ರ ಸೀಮೆ ಇಬ್ಭಾಗವಾಗಿದೆ: ಮಧುಗಿರಿ, ಕೊರಟಗೆರೆ ತುಮಕೂರಿಗೆ, ಶಿರಾ, ಪಾವಗಡ ಚಿತ್ರದುರ್ಗಕ್ಕೆ.