ಸಣ್ಣ ದಂತ ಚಿಕಿತ್ಸಾಲಯದ ತಪಾಸಣೆ

ತಪಾಸಣೆ ಎಂದರೇನು

ಒಂದು ಕುರ್ಚಿ, ಒಂದು ಎಕ್ಸ್-ರೇ ಯಂತ್ರ, ಒಬ್ಬ ವೈದ್ಯರು, ಒಬ್ಬಿಬ್ಬರು ಸಹಾಯಕರು. ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ದಂತ ಚಿಕಿತ್ಸಾಲಯ ಇಷ್ಟೇ ದೊಡ್ಡದು. ಆದರೂ ಅಲ್ಲಿ ರಕ್ತ ಸುರಿಯುತ್ತದೆ, ಸೂಜಿ ಚುಚ್ಚುತ್ತದೆ, ವಿಕಿರಣ ಹೊಮ್ಮುತ್ತದೆ, ಸೋಂಕು ತಗುಲಿದ ಹತ್ತಿ ಕಸದ ಬುಟ್ಟಿ ಸೇರುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಇವುಗಳಿಗೆ ಬೇರೆ ಬೇರೆ ವಿಭಾಗಗಳಿರುತ್ತವೆ. ಇಲ್ಲಿ ಎಲ್ಲದಕ್ಕೂ ವೈದ್ಯರೊಬ್ಬರೇ ಹೊಣೆ. ಆ ಹೊಣೆಯನ್ನು ಅವರು ಕಾನೂನಿನ ಪ್ರಕಾರ ನಿರ್ವಹಿಸುತ್ತಿರುವರೇ ಎಂದು ಅಧಿಕೃತ ಸಂಸ್ಥೆಗಳು ಸ್ಥಳಕ್ಕೆ ಬಂದು ಅಥವಾ ದಾಖಲೆ ತರಿಸಿಕೊಂಡು ನೋಡುವುದೇ ತಪಾಸಣೆ. ಹೊಸ ನೋಂದಣಿ, ನೋಂದಣಿಯ ನವೀಕರಣ, ರೋಗಿಯ ದೂರು, ಇವು ಮೂರೂ ತಪಾಸಣೆಗೆ ಕಾರಣವಾಗುತ್ತವೆ. ಯಾವ ನಿರ್ದಿಷ್ಟ ಕಾರಣವೂ ಇಲ್ಲದೆಯೂ ಅಧಿಕಾರಿಗಳು ಬರಬಹುದು.

ಯಾರು ಬರುತ್ತಾರೆ

ಚಿಕಿತ್ಸಾಲಯ ಒಂದೇ ಆದರೂ ಅದನ್ನು ನೋಡುವ ಸಂಸ್ಥೆಗಳು ಹಲವು. ಕೇಂದ್ರ ಸರ್ಕಾರದ 2010ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯನ್ನು ಕರ್ನಾಟಕ ಅಳವಡಿಸಿಕೊಂಡಿಲ್ಲ. ಅದಕ್ಕೂ ಮೊದಲೇ ರಾಜ್ಯವು ತನ್ನದೇ ಆದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವನ್ನು 2007ರಲ್ಲಿ ರೂಪಿಸಿಕೊಂಡಿತ್ತು. ಕೆಪಿಎಂಇ ಎಂದೇ ಪರಿಚಿತವಾದ ಈ ಕಾನೂನಿನಡಿ ಪ್ರತಿಯೊಂದು ಖಾಸಗಿ ಚಿಕಿತ್ಸಾಲಯವೂ ನೋಂದಣಿಯಾಗಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರ ನೋಂದಣಿ ನೀಡುತ್ತದೆ. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ನೋಂದಣಿಯ ಅವಧಿ ಐದು ವರ್ಷ.

ವೈದ್ಯರ ಅರ್ಹತೆ ಬೇರೆಯೇ ಕಾನೂನಿನ ವಿಷಯ. 1948ರ ದಂತ ವೈದ್ಯರ ಅಧಿನಿಯಮದಡಿ ಅವರ ಹೆಸರು ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿರಬೇಕು. ಆ ಹಳೆಯ ಅಧಿನಿಯಮದ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಅಧಿನಿಯಮವನ್ನು ಅಂಗೀಕರಿಸಿದೆ. ತ್ಯಾಜ್ಯದ ವಿಚಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸೇರಿದ್ದು. ಎಕ್ಸ್-ರೇ ಯಂತ್ರ ಮುಂಬೈಯಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವ್ಯಾಪ್ತಿಗೆ ಬರುತ್ತದೆ. ಹಲ್ಲಿನ ಚಿಕಿತ್ಸೆಗೂ ಪರಮಾಣು ಶಕ್ತಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ದೇಶದಲ್ಲಿ ವಿಕಿರಣ ಹೊಮ್ಮಿಸುವ ಉಪಕರಣಗಳ ಸುರಕ್ಷತೆ ನೋಡುವುದು ಈ ಮಂಡಳಿಯ ಕೆಲಸ. ಅಣುಸ್ಥಾವರವಾಗಲಿ, ಹಲ್ಲಿನ ಎಕ್ಸ್-ರೇ ಆಗಲಿ, ಎರಡೂ ಅದರ ಲೆಕ್ಕದಲ್ಲಿವೆ.

ಉಪಕರಣ ಸಾಗುವ ದಾರಿ

ತಪಾಸಣೆಯ ಅತ್ಯಂತ ಮಹತ್ವದ ಭಾಗ ಕಾಗದಪತ್ರಗಳ ಮೇಜಿನಿಂದಾಚೆ ಇದೆ. ಒಬ್ಬ ರೋಗಿಯ ಬಾಯಿಂದ ಹೊರಬಂದ ಉಪಕರಣ ಮುಂದಿನ ರೋಗಿಯ ಬಾಯಿ ಸೇರುವ ಮುನ್ನ ಯಾವ ದಾರಿಯಲ್ಲಿ ಸಾಗುತ್ತದೆ? ನುರಿತ ತಪಾಸಕರು ಈ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸುತ್ತಾರೆ.

ಬಳಸಿದ ಉಪಕರಣವನ್ನು ಮೊದಲು ತೊಳೆದು ರಕ್ತ, ಲಾಲಾರಸಗಳ ಅಂಟನ್ನು ಪೂರ್ತಿ ತೆಗೆಯಬೇಕು. ಕೊಳೆ ಉಳಿದರೆ ಅದರಡಿಯಲ್ಲಿ ಸೂಕ್ಷ್ಮಜೀವಿಗಳು ಬದುಕುಳಿಯುತ್ತವೆ. ಹೆಪಟೈಟಿಸ್ ಬಿ ವೈರಾಣು ಒಣಗಿದ ಮೇಲ್ಮೈಯ ಮೇಲೂ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ತೊಳೆದ ಉಪಕರಣವನ್ನು ಒಣಗಿಸಿ, ಚೀಲದಲ್ಲಿ ಮುಚ್ಚಿ, ಆಟೋಕ್ಲೇವಿಗೆ ಇಡುತ್ತಾರೆ. ಆಟೋಕ್ಲೇವ್ ಅಡುಗೆಮನೆಯ ಕುಕ್ಕರಿನ ತತ್ವದಲ್ಲೇ ಕೆಲಸ ಮಾಡುತ್ತದೆ: ಒತ್ತಡ ಹೆಚ್ಚಿದಂತೆ ಹಬೆಯ ತಾಪ ನೀರಿನ ಕುದಿಬಿಂದುವನ್ನು ಮೀರುತ್ತದೆ. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ, ಅಥವಾ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಹಬೆ ಉಪಕರಣವನ್ನು ತಾಗಿರಬೇಕು. ನೀರಿನಲ್ಲಿ ಕುದಿಸುವ ಹಳೆಯ ಪದ್ಧತಿ ಸಾಲದು, ಏಕೆಂದರೆ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು 100 ಡಿಗ್ರಿಯ ತಾಪವನ್ನು ತಾಳಿಕೊಳ್ಳುತ್ತವೆ.

ಯಂತ್ರದ ಮಾಪಕ 121 ತೋರಿಸಿದ ಮಾತ್ರಕ್ಕೆ ಕೆಲಸ ಆಯಿತೆಂದು ಹೇಳಲಾಗದು. ತಾಪ ತಾಗಿದಾಗ ಬಣ್ಣ ಬದಲಿಸುವ ಪಟ್ಟಿಯನ್ನು ಚೀಲದೊಡನೆ ಇಡುವುದು ಒಂದು ಪರೀಕ್ಷೆ. ಶಾಖಕ್ಕೆ ಜಗ್ಗದ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಆಟೋಕ್ಲೇವಿನೊಳಗಿಟ್ಟು, ಅವು ಸತ್ತವೇ ಎಂದು ನೋಡುವುದು ಇನ್ನೊಂದು ಮತ್ತು ಹೆಚ್ಚು ವಿಶ್ವಾಸಾರ್ಹವಾದ ಪರೀಕ್ಷೆ. ಈ ಪರೀಕ್ಷೆಗಳ ದಿನಾಂಕ ಮತ್ತು ಫಲಿತಾಂಶ ಬರೆದಿಟ್ಟ ಪುಸ್ತಕ ಚಿಕಿತ್ಸಾಲಯದ ನಿಜವಾದ ಆರೋಗ್ಯಪತ್ರ. ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ವಿಶೇಷ ಗಮನ ಬೇಡುತ್ತದೆ. ಅದರ ಒಳಭಾಗ ಟೊಳ್ಳು. ಅದು ನಿಲ್ಲುವ ಕ್ಷಣದಲ್ಲಿ ಬಾಯಿಯ ದ್ರವವನ್ನು ಒಳಕ್ಕೆ ಎಳೆದುಕೊಳ್ಳಬಲ್ಲದು. ಹೊರಗೆ ಸ್ಪಿರಿಟ್‌ನಿಂದ ಒರೆಸಿದರೆ ಒಳಗಿನ ಸೋಂಕು ಹೋಗದು. ನಿರ್ವಾತದಿಂದ ಗಾಳಿಯನ್ನು ಹೊರಗೆಳೆದು ಹಬೆಯನ್ನು ಒಳನುಗ್ಗಿಸುವ ‘ಬಿ’ ದರ್ಜೆಯ ಆಟೋಕ್ಲೇವ್ ಇಂಥ ಟೊಳ್ಳು ಉಪಕರಣಗಳಿಗೆ ತಕ್ಕುದು.

ವಾಣಿಯಂಬಾಡಿಯಲ್ಲಿ ನಡೆದದ್ದು

ಈ ದಾರಿಯಲ್ಲಿ ಒಂದು ಹೆಜ್ಜೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ತಮಿಳುನಾಡಿನ ತಿರುಪತ್ತೂರು ಜಿಲ್ಲೆಯ ವಾಣಿಯಂಬಾಡಿ ಸಿಗುತ್ತದೆ. 2023ರಲ್ಲಿ ಅಲ್ಲಿನ ಒಂದು ದಂತ ಚಿಕಿತ್ಸಾಲಯದಲ್ಲಿ ಚಿಕಿತ್ಸೆ ಪಡೆದ ಎಂಟು ಮಂದಿ ಮಿದುಳಿಗೆ ತಗುಲಿದ ಮೆಲಿಯೊಯ್ಡೋಸಿಸ್ ಸೋಂಕಿನಿಂದ ಮೃತಪಟ್ಟರು. ಮಣ್ಣು ಮತ್ತು ನೀರಿನಲ್ಲಿ ಬದುಕುವ ಬರ್ಖೋಲ್ಡೇರಿಯಾ ಸ್ಯೂಡೋಮಲೈ ಎಂಬ ಬ್ಯಾಕ್ಟೀರಿಯಾ ಈ ರೋಗಕ್ಕೆ ಕಾರಣ. ಉಡುಪಿ, ಮಣಿಪಾಲದ ವೈದ್ಯರಿಗೆ ಇದು ಮಳೆಗಾಲದ ಕಾಯಿಲೆಯಾಗಿ ಚೆನ್ನಾಗಿ ಪರಿಚಿತ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಸೇರಿ ನಡೆಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅದು ಬೆರಳು ತೋರಿದ್ದು ಒಂದು ಸಲೈನ್ ಬಾಟಲಿಯತ್ತ. ಒಸಡು ಬಿಡಿಸಲು ಬಳಸುವ ಲೋಹದ ಉಪಕರಣದಿಂದಲೇ ಬಾಟಲಿಯನ್ನು ತೆರೆದು, ಸರಿಯಾಗಿ ಮುಚ್ಚದೆ, ಒಬ್ಬರಾದ ಮೇಲೆ ಇನ್ನೊಬ್ಬ ರೋಗಿಗೆ ಅದೇ ದ್ರಾವಣವನ್ನು ಬಳಸಲಾಗುತ್ತಿತ್ತು. ಅಗ್ಗದ ಒಂದು ಬಾಟಲಿಯನ್ನು ಉಳಿಸುವ ಅಭ್ಯಾಸಕ್ಕೆ ಎಂಟು ಜೀವಗಳು ಬೆಲೆ ತೆತ್ತವು. ಗೋಡೆಯ ಮೇಲೆ ತೂಗುವ ನೋಂದಣಿ ಪತ್ರ ನೋಡಿ ಹಿಂದಿರುಗುವ ತಪಾಸಣೆ ಇಂಥ ಲೋಪವನ್ನು ಎಂದಿಗೂ ಕಾಣದು. ಕೆಲಸ ನಡೆಯುವಾಗ ನಿಂತು ನೋಡುವ, ತೆರೆದಿಟ್ಟ ಬಾಟಲಿಯ ಬಗ್ಗೆ ಸಹಾಯಕರನ್ನು ಪ್ರಶ್ನಿಸುವ ತಪಾಸಣೆಗೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ತ್ಯಾಜ್ಯದ ಬಣ್ಣಗಳು

2016ರ ಮಾರ್ಚ್ 28ರಂದು ಪ್ರಕಟವಾದ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಹಾಸಿಗೆಯೇ ಇಲ್ಲದ ಚಿಕಿತ್ಸಾಲಯಕ್ಕೂ ಅನ್ವಯಿಸುತ್ತವೆ. ರಕ್ತಸಿಕ್ತ ಹತ್ತಿ ಮತ್ತು ಕಿತ್ತ ಹಲ್ಲು ಹಳದಿ ಚೀಲಕ್ಕೆ ಹೋಗುತ್ತವೆ. ಕೈಗವಸು, ಲಾಲಾರಸ ಹೀರುವ ಕೊಳವೆ, ಸೂಜಿ ತೆಗೆದ ಸಿರಿಂಜು ಕೆಂಪು ಚೀಲಕ್ಕೆ ಸೇರುತ್ತವೆ. ಸೂಜಿ, ಬ್ಲೇಡುಗಳು ಚುಚ್ಚಿದರೂ ತೂತಾಗದ ಬಿಳಿಯ ಅರೆಪಾರದರ್ಶಕ ಡಬ್ಬಿಗೂ, ಗಾಜಿನ ಸೀಸೆಗಳು ನೀಲಿ ಗುರುತಿನ ಪೆಟ್ಟಿಗೆಗೂ ಹೋಗಬೇಕು. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಸಾಮೂಹಿಕ ಸಂಸ್ಕರಣಾ ಘಟಕದ ವಾಹನ ಬಂದು ಒಯ್ಯಬೇಕು. ಆ ಘಟಕದೊಂದಿಗಿನ ಒಪ್ಪಂದವನ್ನು ತಪಾಸಕರು ಕೇಳಿ ನೋಡುತ್ತಾರೆ. ವರ್ಷದ ವರದಿಯನ್ನು ಮುಂದಿನ ವರ್ಷದ ಜೂನ್ 30ರೊಳಗೆ ಸಲ್ಲಿಸಬೇಕು. ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು ಸಹ ಇದೇ ನಿಯಮಗಳ ಭಾಗ.

ದಂತ ಚಿಕಿತ್ಸೆಗೆ ವಿಶಿಷ್ಟವಾದ ಒಂದು ಅಪಾಯವೂ ಇದೆ. ಬೆಳ್ಳಿ ತುಂಬುವುದು ಎಂದು ಜನ ಕರೆಯುವ ಅಮಾಲ್ಗಮ್ ಮಿಶ್ರಣದ ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸ. ಇಂಥ ತುಂಬುವಿಕೆ ಇರುವ ಹಲ್ಲನ್ನು ಹಳದಿ ಚೀಲಕ್ಕೆ ಹಾಕಿದರೆ ಅದು ಸುಡುವ ಕುಲುಮೆ ಸೇರಿ ಪಾದರಸದ ಆವಿ ಗಾಳಿಗೆ ಬೆರೆಯುತ್ತದೆ. ಆದ್ದರಿಂದ ಅದನ್ನು ಬೇರೆಯಾಗಿಯೇ ತೆಗೆದಿಡಬೇಕು.

ಎಕ್ಸ್-ರೇ ಯಂತ್ರ

ಒಂದು ಹಲ್ಲಿನ ಎಕ್ಸ್-ರೇಯಿಂದ ರೋಗಿಗೆ ತಗಲುವ ವಿಕಿರಣ ಕೆಲವೇ ಮೈಕ್ರೋಸೀವರ್ಟ್. ನಿಸರ್ಗದಿಂದಲೇ ಮನುಷ್ಯರಿಗೆ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್, ಅಂದರೆ 2,400 ಮೈಕ್ರೋಸೀವರ್ಟ್ ತಗಲುತ್ತದೆ. ರೋಗಿ ಹೆದರಬೇಕಾಗಿಲ್ಲ. ಎಚ್ಚರ ಬೇಕಾದದ್ದು ದಿನವಿಡೀ ಯಂತ್ರದ ಬಳಿ ಇರುವ ಸಿಬ್ಬಂದಿಗೆ. ಅವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಎಂಬ ಮಿತಿ ಇದೆ. ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ. ಯಂತ್ರದ ಮಾದರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರಬೇಕು. ಇ-ಲೋರಾ ಎಂಬ ಜಾಲತಾಣದ ಮೂಲಕ ಯಂತ್ರವನ್ನು ನೋಂದಾಯಿಸಬೇಕು, ಎರಡು ವರ್ಷಕ್ಕೊಮ್ಮೆಯಾದರೂ ಗುಣಮಟ್ಟದ ಪರೀಕ್ಷೆ ಮಾಡಿಸಬೇಕು.

ಲೋಪ ಕಂಡುಬಂದರೆ

ತಿದ್ದಿಕೊಳ್ಳಬಹುದಾದ ಲೋಪಕ್ಕೆ ನೋಟಿಸು, ಗಡುವು, ವಿವರಣೆಗೆ ಅವಕಾಶ ಇರುತ್ತವೆ. ಗಂಭೀರವಾದ ಲೋಪಕ್ಕೆ ನೋಂದಣಿ ರದ್ದಾಗುತ್ತದೆ. ನೋಂದಣಿಯೇ ಇಲ್ಲದೆ ಚಿಕಿತ್ಸಾಲಯ ನಡೆಸುವುದು ಜೈಲು ಮತ್ತು ದಂಡಕ್ಕೆ ಗುರಿಮಾಡುವ ಅಪರಾಧ. ಪ್ರಾಧಿಕಾರದ ಆದೇಶದ ವಿರುದ್ಧ ಮೇಲ್ಮನವಿಗೆ ದಾರಿ ಇದೆ.

ಕಷ್ಟ ಇರುವುದು ಬೇರೆಡೆ. ತ್ಯಾಜ್ಯ ನೋಡುವವರಿಗೆ ಎಕ್ಸ್-ರೇ ಸಂಬಂಧಿಸಿದ್ದಲ್ಲ, ಎಕ್ಸ್-ರೇ ನೋಡುವವರಿಗೆ ಆಟೋಕ್ಲೇವ್ ಸಂಬಂಧಿಸಿದ್ದಲ್ಲ. ಇರುವ ಒಬ್ಬ ವೈದ್ಯರೇ ಪ್ರತಿ ಸಂಸ್ಥೆಗೂ ಬೇರೆ ಅರ್ಜಿ, ಬೇರೆ ಕಡತ ಸಿದ್ಧಪಡಿಸುತ್ತಾರೆ. ಇಷ್ಟಾದರೂ ರೋಗಿಯ ಪ್ರಾಣಕ್ಕೆ ಅತಿ ಹತ್ತಿರವಾದ ಉಪಕರಣ ಶುದ್ಧಿಯನ್ನೇ ಮುಖ್ಯ ಕೆಲಸವಾಗಿ ನೋಡುವ ಸಂಸ್ಥೆ ಇವುಗಳಲ್ಲಿ ಒಂದೂ ಇಲ್ಲ. ತಪಾಸಣಾ ವ್ಯವಸ್ಥೆಯಲ್ಲಿ ಮೊದಲು ತುಂಬಬೇಕಾದ ಕೊರತೆ ಇದೇ.

ರೋಗಿ ನೋಡಬಹುದಾದದ್ದು

ಕೆಪಿಎಂಇ ನೋಂದಣಿ ಪತ್ರ ಮತ್ತು ಚಿಕಿತ್ಸಾ ದರಗಳು ಎದ್ದು ಕಾಣುವಂತೆ ಪ್ರದರ್ಶಿತವಾಗಿರಬೇಕು. ಉಪಕರಣದ ಚೀಲವನ್ನು ತಮ್ಮೆದುರೇ ತೆರೆಯುವಂತೆ ರೋಗಿಗಳು ಕೇಳಬಹುದು. ಸೂಜಿ ಹೊಸದೇ, ಸಲೈನ್ ಬಾಟಲಿ ಈಗ ತೆರೆದದ್ದೇ ಎಂದು ವಿಚಾರಿಸಬಹುದು. ತೃಪ್ತಿಕರ ಉತ್ತರ ಸಿಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಲಿಖಿತ ದೂರು ಕೊಡಿ.