ಪರರ ಪುಟಕ್ಕೆ ತೊಡಿಸಿದ ಉಡುಗೆ: ಬ್ಲಾಗ್ ವಿನ್ಯಾಸಗಳ ಕೊಡುಗೆಯ ಚರಿತ್ರೆ

ಪುಸ್ತಕದ ಚರಿತ್ರೆಯನ್ನು ಬರೆದ ವಿದ್ವಾಂಸರು ಗ್ರಂಥಕರ್ತನನ್ನೂ ಪ್ರಕಾಶಕನನ್ನೂ ಅಚ್ಚುಕೂಟವನ್ನೂ ಕುರಿತು ತಕ್ಕಮಟ್ಟಿಗೆ ವಿಚಾರಿಸಿದ್ದಾರೆ. ಆದರೆ ಪುಟದ ಅಂಚು ಇಷ್ಟಿರಬೇಕು, ಶಿರೋನಾಮೆಯ ಅಕ್ಷರ ಇಷ್ಟು ದಪ್ಪವಿರಬೇಕು, ಸಾಲಿಗೂ ಸಾಲಿಗೂ ನಡುವೆ ಇಷ್ಟು ಅಂತರವಿರಬೇಕು ಎಂದು ಗೊತ್ತುಮಾಡಿದ ಕೈ ಯಾವುದೆಂಬುದು ಬಹುಮಟ್ಟಿಗೆ ಅಜ್ಞಾತವಾಗಿಯೇ ಉಳಿಯುತ್ತದೆ. ಅಂತರಜಾಲದಲ್ಲಿ ಬ್ಲಾಗ್ ಎಂಬ ಬರಹದ ಪ್ರಕಾರವು ತಲೆಯೆತ್ತಿದ ಮೇಲೆ ಈ ಅಜ್ಞಾತ ಕೈಗಳ ಸಂಖ್ಯೆ ಅಪಾರವಾಗಿ ಬೆಳೆಯಿತು. ಬರೆಯುವವನು ಒಬ್ಬ, ಅವನ ಪುಟಕ್ಕೆ ಬಣ್ಣ, ಆಕಾರ, ಅಕ್ಷರಗಳನ್ನು ಸಿದ್ಧಪಡಿಸಿಕೊಟ್ಟವನು ಬೇರೊಬ್ಬ. ಇವರಿಬ್ಬರು ಪರಸ್ಪರ ಮುಖವನ್ನೇ ಕಂಡವರಲ್ಲ. ಥೀಮ್ ಎಂದು ವ್ಯವಹಾರದಲ್ಲಿ ಕರೆಯುವ ಈ ವಿನ್ಯಾಸಗಳನ್ನು ಮಾಡಿಕೊಟ್ಟವರಲ್ಲಿ ಅನೇಕರು ಸಂಬಳಕ್ಕೆ ದುಡಿದವರಲ್ಲ, ಸ್ವಸಂತೋಷದಿಂದ ಕೊಟ್ಟವರು. ಹೀಗೆ ಕೊಟ್ಟ ವಸ್ತು ಕೊನೆಗೆ ಯಾರ ಸೊತ್ತು? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಹಿಡಿದುಕೊಂಡು ಆ ಚರಿತ್ರೆಯನ್ನು ಸ್ಥೂಲವಾಗಿ ನೋಡಲು ಯತ್ನಿಸಿದೆ.

ಉಡುಗೆಯನ್ನು ದಾನವಾಗಿ ಕೊಡಬೇಕಾದರೆ ಮೊದಲು ಅದು ಮೈಯಿಂದ ಬೇರೆಯಾಗಬೇಕು. ಅಂತರಜಾಲದ ಆದಿಕಾಲದಲ್ಲಿ ಈ ಬೇರ್ಪಡೆ ಇರಲಿಲ್ಲ. ಬಣ್ಣವೂ ಅಕ್ಷರದ ಅಳತೆಯೂ ಬರಹದ ನಡುವೆಯೇ ಹೆಣೆದುಕೊಂಡಿದ್ದುದರಿಂದ ಒಂದು ಪುಟದ ರೂಪವನ್ನು ಇನ್ನೊಂದಕ್ಕೆ ಎತ್ತಿ ತೊಡಿಸುವುದು ದುಸ್ತರವಾಗಿತ್ತು. ೧೯೯೪ರ ಅಕ್ಟೋಬರಿನಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದ ನಾರ್ವೆಯ ಹೋಕನ್ ವಿಯುಮ್ ಲೀ ಎಂಬವರು ರೂಪದ ನಿಯಮಗಳನ್ನೆಲ್ಲ ಪ್ರತ್ಯೇಕವಾದೊಂದು ಶೈಲಿಪತ್ರದಲ್ಲಿ ಬರೆದಿಡಬೇಕೆಂಬ ಸೂಚನೆಯನ್ನು ಮುಂದಿಟ್ಟರು. ಬರ್ಟ್ ಬಾಸ್ ಎಂಬವರು ಅವರೊಡನೆ ಕೂಡಿಕೊಂಡರು. ೧೯೯೬ರ ಡಿಸೆಂಬರಿನಲ್ಲಿ ಸಿ.ಎಸ್.ಎಸ್. ಎಂಬ ಹೆಸರಿನಿಂದ ಅದು ಅಧಿಕೃತ ಶಿಫಾರಸಾಗಿ ಹೊರಬಂದಿತು. ಲೇಖಕನ ಇಷ್ಟ, ವಾಚಕನ ಇಷ್ಟ ಇವೆರಡಕ್ಕೂ ಆ ಪತ್ರದಲ್ಲಿ ಸ್ಥಾನವಿರಬೇಕೆಂಬುದು ಲೀಯವರ ಮೂಲ ಆಶಯ. ಮೂರನೆಯವನೊಬ್ಬ ಬಂದು ಇಬ್ಬರಿಗೂ ಸಲ್ಲುವ ಪತ್ರವನ್ನು ಬರೆದುಕೊಡುವನೆಂಬುದು ಆ ದಿನಗಳಲ್ಲಿ ಯಾರ ಎಣಿಕೆಯಲ್ಲೂ ಇದ್ದಂತೆ ತೋರುವುದಿಲ್ಲ.

ಈ ಬೇರ್ಪಡೆಯ ಶಕ್ತಿಯನ್ನು ಜನರಿಗೆ ಕಣ್ಣಾರೆ ತೋರಿಸಿಕೊಟ್ಟ ಕೀರ್ತಿ ಕೆನಡಾದ ಡೇವ್ ಶೇ ಎಂಬವರಿಗೆ ಸಲ್ಲಬೇಕು. ೨೦೦೩ರ ಮೇ ತಿಂಗಳಲ್ಲಿ ಅವರು 'ಸಿ.ಎಸ್.ಎಸ್. ಝೆನ್ ಗಾರ್ಡನ್' ಎಂಬ ಪುಟವನ್ನು ತೆರೆದರು. ಅದರ ಕಟ್ಟಳೆ ಸರಳವಾದುದು: ಬರಹವನ್ನೂ ಅದರ ರಚನೆಯನ್ನೂ ಯಾರೂ ಮುಟ್ಟಕೂಡದು, ಶೈಲಿಪತ್ರವೊಂದನ್ನು ಮಾತ್ರ ಬದಲಿಸಿ ಕಳುಹಬಹುದು. ಅದೇ ಬರಹ ಒಬ್ಬರ ಕೈಯಲ್ಲಿ ಉದ್ಯಾನವಾಯಿತು, ಇನ್ನೊಬ್ಬರ ಕೈಯಲ್ಲಿ ಹಳೆಯ ವೃತ್ತಪತ್ರಿಕೆಯಾಯಿತು, ಮತ್ತೊಬ್ಬರ ಕೈಯಲ್ಲಿ ಸಮುದ್ರದ ಆಳವಾಯಿತು. ವರ್ಷಗಳು ಕಳೆದಂತೆ ಇನ್ನೂರಕ್ಕೂ ಮಿಕ್ಕಿ ವಿನ್ಯಾಸಗಳು ಅಲ್ಲಿ ಸೇರಿದುವು. ರಾಗವೊಂದೇ ಆಗಿದ್ದು ಹಾಡುವವರು ಬೇರೆಯಾದಾಗ ಆಗುವ ಅನುಭವವನ್ನು ಬಲ್ಲ ನಮಗೆ ಇದರ ಸೊಗಸು ವಿವರಿಸದೆಯೇ ತಿಳಿಯತಕ್ಕದ್ದು.

ಆದರೆ ಝೆನ್ ಗಾರ್ಡನ್ ಒಂದು ಪ್ರದರ್ಶನಶಾಲೆ. ನಿತ್ಯದ ಬಳಕೆಯಲ್ಲಿ ಸಮುದಾಯದ ವಿನ್ಯಾಸಗಳು ಹೇಗೆ ಹುಟ್ಟಿದುವೆಂಬುದನ್ನು ತಿಳಿಯಲು ಲೈವ್‌ಜರ್ನಲ್ ಎಂಬ ದಿನಚರಿಯ ತಾಣವನ್ನು ನೋಡಬೇಕು. ೧೯೯೯ರಲ್ಲಿ ಅಮೆರಿಕದ ವಿದ್ಯಾರ್ಥಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ತನ್ನ ಗೆಳೆಯರ ಸುದ್ದಿ ತಿಳಿಯಲೆಂದು ಆರಂಭಿಸಿದ ಇದು ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನರ ನೆಲೆಯಾಯಿತು. ಅದರ ವಿನ್ಯಾಸಗಳಿಗಾಗಿ 'ಎಸ್-೨' ಎಂಬ ಒಂದು ಪುಟ್ಟ ಭಾಷೆಯೇ ನಿರ್ಮಾಣವಾಯಿತು. ಇದರ ರಚನಾಕ್ರಮವು ಗಮನಾರ್ಹವಾದುದು. ವಿನ್ಯಾಸವೆಂಬುದು ಇಲ್ಲಿ ಒಂದೇ ತುಂಡಲ್ಲ, ಒಂದರ ಮೇಲೊಂದು ಹಾಸಿದ ಪದರಗಳು. ಅಡಿಯಲ್ಲಿ ಎಲ್ಲಕ್ಕೂ ಸಾಮಾನ್ಯವಾದ ಮೂಲಪದರ. ಅದರ ಮೇಲೆ ಪುಟದ ಕಟ್ಟಡವನ್ನು ಗೊತ್ತುಮಾಡುವ ಪದರ. ಅದರ ಮೇಲೆ ಬಣ್ಣಗಳನ್ನೂ ಚಿತ್ರಗಳನ್ನೂ ಹೇಳುವ ಥೀಮ್ ಪದರ. ತುದಿಯಲ್ಲಿ ಆಯಾ ಬಳಕೆದಾರನ ಸ್ವಂತ ಮಾರ್ಪಾಡುಗಳ ಪದರ. ಪುಟದಲ್ಲಿ ಬರುವ ಸಿದ್ಧವಾಕ್ಯಗಳನ್ನು ಭಾಷಾಂತರಿಸುವುದಕ್ಕೂ ಬೇರೊಂದು ಪದರವುಂಟು. ಮೇಲಿನ ಪದರವು ಯಾವುದನ್ನು ಹೇಳದೆ ಬಿಟ್ಟಿದೆಯೋ ಅದನ್ನು ಕೆಳಗಿನದು ತುಂಬಿಕೊಡುತ್ತದೆ.

ಇದರಿಂದಾದ ಪ್ರಯೋಜನವು ಯಂತ್ರಶಾಸ್ತ್ರದ್ದು ಮಾತ್ರವಲ್ಲ, ಸಾಮಾಜಿಕವೂ ಹೌದು. ಕಾರ್ಯಕ್ರಮ ರಚನೆಯನ್ನು ಅರಿಯದ, ಆದರೆ ಬಣ್ಣಗಳ ಹೊಂದಿಕೆಯನ್ನು ಬಲ್ಲ ವ್ಯಕ್ತಿಯೂ ಹತ್ತಿಪ್ಪತ್ತು ಸಾಲುಗಳಲ್ಲಿ ಒಂದು ಥೀಮನ್ನು ಬರೆದು ಕೊಡಬಹುದಾಯಿತು. ಕಟ್ಟಡವನ್ನು ಕಟ್ಟುವವರು ಕೆಲವರೇ. ಗೋಡೆಗೆ ಸುಣ್ಣ ಬಳಿದು ಬಾಗಿಲಲ್ಲಿ ರಂಗವಲ್ಲಿ ಹಾಕುವವರು ಹಲವರು. ಆ ಹಲವರಿಗೆ ಪ್ರವೇಶ ದೊರೆಯಿತು.

೨೦೦೫ರಲ್ಲಿ ಲೈವ್‌ಜರ್ನಲ್ ಸಿಕ್ಸ್ ಅಪಾರ್ಟ್ ಎಂಬ ಕಂಪನಿಯ ಕೈಸೇರಿತು. ೨೦೦೭ರ ಕೊನೆಗೆ ರಷ್ಯದ ಸುಪ್ ಎಂಬ ಕಂಪನಿಯ ಪಾಲಾಯಿತು. ಒಡೆತನದ ಈ ಕೈಬದಲಾವಣೆಗಳಿಂದಲೂ, ಆ ನಡುವೆ ಕೆಲವರ ದಿನಚರಿಗಳು ಮುನ್ಸೂಚನೆಯಿಲ್ಲದೆ ರದ್ದಾದುದರಿಂದಲೂ ಅಸಮಾಧಾನ ಹಬ್ಬಿತು. ಹಿಂದೆ ಅಲ್ಲಿಯೇ ಕೆಲಸಮಾಡಿದ್ದ ಡೆನೀಸ್ ಪಾವ್ಲೂಚಿ ಮತ್ತು ಮಾರ್ಕ್ ಸ್ಮಿತ್ ಎಂಬಿಬ್ಬರು, ಮುಕ್ತವಾಗಿ ದೊರೆಯುತ್ತಿದ್ದ ಅದರ ಮೂಲಸಂಕೇತವನ್ನೇ ತೆಗೆದುಕೊಂಡು ೨೦೦೯ರ ಏಪ್ರಿಲ್ ೩೦ರಂದು ಡ್ರೀಮ್‌ವಿಡ್ತ್ ಎಂಬ ತಾಣವನ್ನು ಸಾರ್ವಜನಿಕರಿಗೆ ತೆರೆದರು. ಜಾಹೀರಾತಿಗೆ ಇಲ್ಲಿ ಎಡೆಯಿಲ್ಲ. ಎಸ್-೨ ಪದರಗಳ ಕ್ರಮವೂ ಹಾಗೆಯೇ ಜತೆಯಲ್ಲಿ ಬಂದಿತು. ಬಳಕೆದಾರರು ಥೀಮ್‌ಗಳನ್ನು ಬರೆದು ಒಪ್ಪಿಸುತ್ತಾರೆ; ಸ್ವಯಂಸೇವಕರು ಅವನ್ನು ಪರೀಕ್ಷಿಸಿ ತಾಣದ ಮೂಲಸಂಕೇತದೊಳಗೆ ಸೇರಿಸುತ್ತಾರೆ; ಬಳಿಕ ಅದು ಎಲ್ಲರ ಆಯ್ಕೆಗೂ ಸಿಗುತ್ತದೆ. ಮಾಡಿದವರ ಹೆಸರು ಥೀಮಿನೊಡನೆ ಕಾಣುತ್ತದೆ, ಆದರೆ ಅದು ಬಹುಪಾಲು ಕಾವ್ಯನಾಮದಂಥ ಹೆಸರು. ಈ ತಾಣ ಗಾತ್ರದಲ್ಲಿ ಸಣ್ಣದು. ಆದರೂ ಕೊಟ್ಟವನು, ಪರೀಕ್ಷಿಸಿದವನು, ತೊಟ್ಟವನು ಮೂವರೂ ಒಂದೇ ಬೀದಿಯ ನಿವಾಸಿಗಳಾಗಿರುವ ಈ ಏರ್ಪಾಟು ದೊಡ್ಡ ತಾಣಗಳಲ್ಲಿ ಉಳಿಯಲಿಲ್ಲವೆಂಬುದನ್ನು ಮುಂದೆ ನೋಡುವೆವು.

ವರ್ಡ್‌ಪ್ರೆಸ್ಸಿನ ಕಥೆ ಬೇರೆ ತೆರನಾದುದು. ಮಿಶೆಲ್ ವಾಲ್ಡ್ರಿಗಿ ಎಂಬ ಫ್ರೆಂಚ್ ತರುಣನು ಬರೆದು, ನಡುವೆ ಕೈಬಿಟ್ಟಿದ್ದ 'ಬಿ-೨' ಎಂಬ ತಂತ್ರಾಂಶವನ್ನು ಮುಂದುವರಿಸಲು ಅಮೆರಿಕದ ಮ್ಯಾಟ್ ಮಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ೨೦೦೩ರಲ್ಲಿ ಕೈಹಾಕಿದರು. ಬಿ-೨ ಜಿ.ಪಿ.ಎಲ್. ಎಂಬ ಮುಕ್ತ ಪರವಾನಗಿಯಲ್ಲಿದ್ದುದರಿಂದ ಅದರ ಸಂತಾನವೂ ಅದೇ ಪರವಾನಗಿಗೆ ಒಳಪಟ್ಟಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವ್ಯಾಜ್ಯಕ್ಕೆಲ್ಲ ಇದೇ ಬೇರು.

ಮೊದಮೊದಲು ವರ್ಡ್‌ಪ್ರೆಸ್ಸಿನಲ್ಲಿ ಬದಲಿಸಬಹುದಾದದ್ದು ಶೈಲಿಪತ್ರ ಮಾತ್ರ. ೨೦೦೪ರಲ್ಲಿ ಅಲೆಕ್ಸ್ ಕಿಂಗ್ ಎಂಬವರು ಅಂಥ ಪತ್ರಗಳ ಸ್ಪರ್ಧೆಯೊಂದನ್ನು ಏರ್ಪಡಿಸಿದ್ದರು. ೨೦೦೫ರ ಫೆಬ್ರವರಿಯ ೧.೫ನೆಯ ಆವೃತ್ತಿಯಲ್ಲಿ ಪುಟದ ತಲೆ, ಬದಿ, ಅಡಿ ಎಲ್ಲವೂ ಬೇರೆ ಬೇರೆ ಕಡತಗಳಾಗಿ ಒಡೆದು, ಅವೆಲ್ಲವನ್ನು ಒಂದು ಕೋಶದಲ್ಲಿ ಕಟ್ಟಿ ಥೀಮ್ ಎಂದು ಕರೆಯುವ ಪದ್ಧತಿ ಬಂದಿತು. ಅದರೊಡನೆ ಬಂದ ಮೂಲವಿನ್ಯಾಸವೇ ಡೆನ್ಮಾರ್ಕಿನ ಮೈಕೆಲ್ ಹೈಲ್‌ಮನ್ನರ 'ಕ್ಯೂಬ್ರಿಕ್'. ನೀಲಿಯ ತಲೆಪಟ್ಟಿ, ದುಂಡಾದ ಮೂಲೆಗಳು, ಬಿಳಿಯ ಹಾಳೆ. ಬದಲಿಸಲು ತಿಳಿಯದವರೂ ಬೇಸರಪಟ್ಟವರೂ ಅದನ್ನೇ ಇಟ್ಟುಕೊಂಡುದರಿಂದ, ೨೦೧೦ರ ಜೂನಿನಲ್ಲಿ 'ಟ್ವೆಂಟಿ ಟೆನ್' ಅದರ ಸ್ಥಾನಕ್ಕೆ ಬರುವವರೆಗೆ ಜಗತ್ತಿನ ಅಸಂಖ್ಯಾತ ಬರಹಗಳು ಆ ಒಂದೇ ನೀಲಿಯ ಕೆಳಗೆ ಪ್ರಕಟವಾದುವು. ಒಬ್ಬ ವ್ಯಕ್ತಿಯ ಅಭಿರುಚಿಯು ಇಷ್ಟು ಜನರ ಮಾತಿಗೆ ಮುಖವಾದ ಉದಾಹರಣೆ ಮುದ್ರಣದ ಚರಿತ್ರೆಯಲ್ಲಿಯೂ ವಿರಳವೆಂದೇ ಹೇಳಬೇಕು.

ಥೀಮಿನ ಅಡಿಯಂಚಿನಲ್ಲಿ ಮಾಡಿದವನ ಹೆಸರನ್ನು ಬರೆಯುವ ರೂಢಿ ಹೀಗೆ ಬೆಳೆಯಿತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣರು, ಸೋಮನಾಥಪುರದಲ್ಲಿ ಮಲ್ಲಿತಮ್ಮನು ತಾವು ಕಡೆದ ಮೂರ್ತಿಗಳ ಪೀಠದಲ್ಲಿ ಹೆಸರನ್ನು ಕೊರೆದುದು ನೆನಪಾಗುತ್ತದೆ. ಆದರೆ ಒಂದು ಅಂತರವುಂಟು. ಕಲ್ಲಿನ ಹೆಸರು ಇದ್ದಲ್ಲಿಯೇ ಇರುತ್ತದೆ. ಈ ಹೆಸರು ಕೊಂಡಿಯಾಗಿದ್ದು ಓದುಗನನ್ನು ಬೇರೆಡೆಗೆ ಕರೆದೊಯ್ಯುತ್ತದೆ. ಶೋಧಯಂತ್ರಗಳು ಪುಟದ ಯೋಗ್ಯತೆಯನ್ನು ಕೊಂಡಿಗಳಿಂದ ಅಳೆಯುವವಾದುದರಿಂದ, ಸಾವಿರಾರು ಪುಟಗಳ ಅಡಿಯಲ್ಲಿ ಕುಳಿತ ಹೆಸರಿಗೆ ಬೆಲೆ ಹುಟ್ಟಿತು. ವ್ಯಾಪಾರಿಗಳು ವಿನ್ಯಾಸಕಾರರಿಗೆ ಹಣ ತೆತ್ತು ತಮ್ಮ ಕೊಂಡಿಗಳನ್ನು ಅಲ್ಲಿ ಸೇರಿಸಿದರು. ತನ್ನ ಬರಹದ ಕೆಳಗೆ ಯಾವ ಅಂಗಡಿಯ ಹೆಸರಿದೆಯೆಂಬುದು ಬರೆದವನಿಗೇ ತಿಳಿಯದಂತಾಯಿತು. ೨೦೦೭ರಲ್ಲಿ ಇಂಥ ಥೀಮ್‌ಗಳನ್ನು ಹೊರಹಾಕುವ ನಿರ್ಧಾರವಾಯಿತು. ೨೦೦೮ರ ಜುಲೈಯಲ್ಲಿ ಹೊಸ ಥೀಮ್ ಭಂಡಾರವೊಂದು ತೆರೆಯಿತು. ೨೦೧೦ರಲ್ಲಿ ಪ್ರತಿಯೊಂದು ಕೊಡುಗೆಯನ್ನೂ ಸಾಲುಸಾಲಾಗಿ ಪರಿಶೀಲಿಸುವ ಸ್ವಯಂಸೇವಕರ ಮಂಡಲಿ ಏರ್ಪಟ್ಟಿತು. ಕೊಡುವವನಿಗೂ ತೊಡುವವನಿಗೂ ಪರಿಚಯವಿಲ್ಲದಲ್ಲಿ ನಡುವೆ ಪರೀಕ್ಷಕನು ನಿಲ್ಲಲೇಬೇಕಾಯಿತು.

ಇನ್ನು ಸೊತ್ತಿನ ಪ್ರಶ್ನೆ. ಥೀಮ್‌ಗಳನ್ನು ಮಾರಿ ಜೀವನ ನಡೆಸುವವರು ಈ ವೇಳೆಗೆ ಹುಟ್ಟಿಕೊಂಡಿದ್ದರು. ಅವರ ವಾದ, 'ನಮ್ಮ ಥೀಮ್ ನಮ್ಮ ಸ್ವಂತ ಕೃತಿ, ಅದಕ್ಕೆ ಜಿ.ಪಿ.ಎಲ್. ತಗಲದು' ಎಂಬುದು. ೨೦೦೯ರ ಜುಲೈಯಲ್ಲಿ ಅಮೆರಿಕದ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಈ ಬಗೆಗೆ ಕೊಟ್ಟ ಅಭಿಪ್ರಾಯವು ಮನನಯೋಗ್ಯವಾಗಿದೆ. ಥೀಮಿನೊಳಗಿನ ಪಿ.ಎಚ್.ಪಿ. ಸಂಕೇತವು ವರ್ಡ್‌ಪ್ರೆಸ್ಸಿನ ಮೇಲೆ ಆಶ್ರಿತವಾದುದು, ಆದಕಾರಣ ಅದಕ್ಕೆ ಜಿ.ಪಿ.ಎಲ್. ಅನ್ವಯಿಸತಕ್ಕದ್ದು, ಚಿತ್ರಗಳೂ ಶೈಲಿಪತ್ರವೂ ಸ್ವತಂತ್ರವಾಗಿರಬಹುದು ಎಂದು ಅದು ಹೇಳಿತು. ೧೯೯೪ರಲ್ಲಿ ಲೀಯವರು ಎಳೆದ ಗೆರೆಯ ಸಮೀಪದಲ್ಲಿಯೇ ನ್ಯಾಯವಾದಿಗಳೂ ಗೆರೆಯೆಳೆದುದು ನಮಗೆ ಅಚ್ಚರಿಯ ಸಂಗತಿಯಾಗಿ ಕಾಣುತ್ತದೆ. 'ಥೀಸಿಸ್' ಎಂಬ ಪ್ರಖ್ಯಾತ ಥೀಮಿನ ಕರ್ತೃ ಕ್ರಿಸ್ ಪಿಯರ್ಸನ್ ಇದನ್ನು ಒಪ್ಪಲಿಲ್ಲ. ೨೦೧೦ರ ಜುಲೈಯಲ್ಲಿ ಅವರಿಗೂ ಮಲೆನ್‌ವೆಗ್ಗರಿಗೂ ಬಹಿರಂಗವಾಗಿಯೇ ವಾಗ್ವಾದ ನಡೆಯಿತು. ಥೀಸಿಸ್ಸಿನಲ್ಲಿ ವರ್ಡ್‌ಪ್ರೆಸ್ಸಿನ ಕೆಲವು ಸಾಲುಗಳು ಯಥಾವತ್ತಾಗಿ ಸೇರಿರುವುದೂ ಆ ದಿನಗಳಲ್ಲಿ ಬೆಳಕಿಗೆ ಬಂದಿತು. ವ್ಯಾಜ್ಯ ನ್ಯಾಯಾಲಯದವರೆಗೆ ಹೋಗಲಿಲ್ಲ. ಅದೇ ತಿಂಗಳ ೨೨ರಂದು ಪಿಯರ್ಸನ್ ಸಂಕೇತವನ್ನು ಜಿ.ಪಿ.ಎಲ್.ಗೆ ಒಪ್ಪಿಸಿ ಚಿತ್ರ ಮತ್ತು ಶೈಲಿಪತ್ರಗಳನ್ನು ತಮ್ಮಲ್ಲಿಯೇ ಉಳಿಸಿಕೊಂಡರು.

ಭಂಡಾರಕ್ಕೆ ಕೊಡುವವನಿಗೆ ಮಾತ್ರ ಈ ವಿನಾಯಿತಿ ಇಲ್ಲ. ಅಲ್ಲಿ ಚಿತ್ರವೂ ಸೇರಿದಂತೆ ಸಮಸ್ತವೂ ಜಿ.ಪಿ.ಎಲ್.ಗೆ ಹೊಂದುವಂತಿರಬೇಕೆಂಬುದು ಕಟ್ಟಳೆ. ಅಂದರೆ ಕಾನೂನು ಕೇಳುವುದಕ್ಕಿಂತ ಹೆಚ್ಚನ್ನು ದಾನಿಯು ಕೊಡುತ್ತಾನೆ. ಕೃತಿಸ್ವಾಮ್ಯ ಅವನದಾಗಿಯೇ ಉಳಿಯುತ್ತದೆ. ಆದರೆ ಇನ್ನೊಬ್ಬನು ಅದನ್ನು ತಿದ್ದದಂತೆ, ಹಂಚದಂತೆ, ಮಾರದಂತೆ ತಡೆಯುವ ಅಧಿಕಾರವನ್ನು ಅವನು ಬಿಟ್ಟುಕೊಟ್ಟಿರುತ್ತಾನೆ. ಕೊಟ್ಟವನು ಬೇಸತ್ತು ದೂರವಾದರೂ ಕೃತಿ ಅನಾಥವಾಗುವುದಿಲ್ಲ, ಬೇರೊಬ್ಬನು ಎತ್ತಿಕೊಳ್ಳಬಹುದು. ವಾಲ್ಡ್ರಿಗಿಯ ಬಿ-೨ ವರ್ಡ್‌ಪ್ರೆಸ್ಸಾದುದು ಈ ದಾರಿಯಿಂದಲೇ, ಡ್ರೀಮ್‌ವಿಡ್ತ್ ಹುಟ್ಟಿದುದೂ ಇಂಥ ದಾರಿಯಿಂದಲೇ.

ಈ ಹಕ್ಕಿನ ಮಹತ್ವ ಕನ್ನಡ ಪುಟಗಳ ವಿಷಯದಲ್ಲಿ ಸ್ಪಷ್ಟವಾಗುತ್ತದೆ. ೨೦೦೦ದ ದಶಕದ ಮಧ್ಯಭಾಗದಿಂದ ಕನ್ನಡದಲ್ಲಿ ಬ್ಲಾಗ್ ಬರೆಯುವವರು ಹೆಚ್ಚಿದರು. ನಾಡಿನ ಹೊರಗೆ ನೆಲೆಸಿ, ಹತ್ತಿರದಲ್ಲಿ ಕನ್ನಡದ ಅಚ್ಚುಕೂಟವಿಲ್ಲದ ನಮ್ಮಂಥವರಿಗೆ ಇದು ದೊಡ್ಡ ಅನುಕೂಲವಾಗಿತ್ತು. ಆದರೆ ಅವರು ತೊಟ್ಟುದು ರೋಮನ್ ಲಿಪಿಯ ಅಳತೆಗೆ ಹೊಲಿದ ಉಡುಗೆ. ಕ್ಯೂಬ್ರಿಕ್ ಪುಟದ ಮೂಲ ಅಕ್ಷರದಳತೆಯನ್ನು ನೂರಕ್ಕೆ ೬೨.೫ಕ್ಕೆ ಇಳಿಸಿ ಅಲ್ಲಿಂದ ಲೆಕ್ಕ ಹಾಕುತ್ತಿತ್ತು. ಅದು ಹೆಸರಿಸಿದ ಅಕ್ಷರವಿನ್ಯಾಸಗಳು ಲೂಸಿಡಾ ಗ್ರಾಂಡ್, ವೆರ್ಡಾನಾ ಮೊದಲಾದುವು. ಇವುಗಳಲ್ಲಿ ಕನ್ನಡವಿಲ್ಲದ ಕಾರಣ ಗಣಕವು ತನ್ನಲ್ಲಿದ್ದುದನ್ನು, ಎಂದರೆ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ'ವನ್ನು, ತೋರಿಸುತ್ತಿತ್ತು. ತುಂಗಾದ ಅಕ್ಷರ ಅದೇ ಅಳತೆಯ ಇಂಗ್ಲಿಷ್ ಅಕ್ಷರಕ್ಕಿಂತ ಸಣ್ಣದಾಗಿ ಕಾಣುವುದು. ಓದುವವರು ಕಣ್ಣು ಕಿರಿದುಮಾಡಬೇಕಾಯಿತು. ಸಾಲಿನ ಎತ್ತರ ಬಿಗಿಯಾದೆಡೆ 'ರಾಷ್ಟ್ರ', 'ಸ್ತ್ರೀ' ಮುಂತಾದ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಗಳಿಗೆ ತಾಕುತ್ತವೆ. ಉಪಶೀರ್ಷಿಕೆಯನ್ನು ದೊಡ್ಡಕ್ಷರಗಳಿಂದ ಮಾತ್ರ ಬೇರ್ಪಡಿಸುವ ಥೀಮ್‌ಗಳಲ್ಲಿ, ದೊಡ್ಡದು ಚಿಕ್ಕದೆಂಬ ಭೇದವೇ ಇಲ್ಲದ ನಮ್ಮ ಲಿಪಿಯಲ್ಲಿ ಶೀರ್ಷಿಕೆಯೂ ಒಕ್ಕಣೆಯೂ ಒಂದೇ ಆಗಿಬಿಡುತ್ತವೆ. ಓರೆ ಅಕ್ಷರಗಳ ಮಾತಂತೂ ಬೇಡ. ಗಣಕವು ನೆಟ್ಟಗಿನ ಅಕ್ಷರವನ್ನೇ ಬಲಾತ್ಕಾರವಾಗಿ ಬಾಗಿಸುತ್ತದೆ.

ಇವಕ್ಕೆಲ್ಲ ಉಪಾಯ ಇಲ್ಲದಿಲ್ಲ. ಭಾಷೆಗೆ ತಕ್ಕಂತೆ ಬೇರೆ ನಿಯಮ ಹೇಳುವ ಸೌಕರ್ಯವು ೧೯೯೮ರ ಎರಡನೆಯ ಸಿ.ಎಸ್.ಎಸ್.ನಲ್ಲಿಯೇ ಸೇರಿದೆ. ಮುಂಬಯಿಯ ಏಕ್ ಟೈಪ್ ಬಳಗವು ರೂಪಿಸಿದ 'ಬಾಲೂ ತಮ್ಮ'ದಂಥ ಮುಕ್ತ ಪರವಾನಗಿಯ ಕನ್ನಡ ಅಕ್ಷರಗಳು ಶೀರ್ಷಿಕೆಗಳಿಗೆ ಸಿಗುತ್ತವೆ. ೨೦೧೯ರ ನವೆಂಬರಿನಲ್ಲಿ ವರ್ಡ್‌ಪ್ರೆಸ್ಸಿನೊಡನೆ ಬಂದ 'ಟ್ವೆಂಟಿ ಟ್ವೆಂಟಿ' ಸ್ವೀಡನ್ನಿನ ಆಂಡರ್ಸ್ ನೊರೇನ್‌ರ ಒಂದು ಥೀಮನ್ನು ಆಧರಿಸಿದುದು. ಅದರಲ್ಲಿ ರೋಮನ್ನೇತರ ಲಿಪಿಗಳಿಗಾಗಿ ಪ್ರತ್ಯೇಕ ಕಡತವೊಂದಿದೆ. ಅರಬ್ಬಿ, ಚೀನೀ, ಗ್ರೀಕ್, ಹೀಬ್ರೂ, ಜಪಾನೀಗಳೊಡನೆ ಹಿಂದಿಯೂ ಮರಾಠಿಯೂ ನೇಪಾಳಿಯೂ ಗುಜರಾತಿಯೂ ಆ ಪಟ್ಟಿಯಲ್ಲಿ ಸ್ಥಾನ ಪಡೆದಿವೆ. ಥೀಮಿನೊಡನೆ ಹೊರಬಂದ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಕಡತವು ಜಿ.ಪಿ.ಎಲ್.ಗೆ ಸೇರಿದ್ದು; ಅದರಲ್ಲಿ ಕನ್ನಡದ ಸಾಲೊಂದನ್ನು ಬರೆದು ತನ್ನ ಪುಟಕ್ಕೆ ತೊಡಿಸಲು, ಬೇಕೆನಿಸಿದರೆ ಮೂಲದವರಿಗೇ ಕಳುಹಲು, ಯಾರ ಅಪ್ಪಣೆಯೂ ಬೇಕಿಲ್ಲ.