ರದ್ದಾದ ಕಾಯ್ದೆ, ಉಳಿದ ಹಾಜರಿ ಪುಸ್ತಕ

ಬ್ರಿಟಿಷ್ ಆಡಳಿತವು 1871ರಲ್ಲಿ ಜಾರಿಗೆ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಮನುಷ್ಯನು ಎಸಗಿದ ಕೃತ್ಯವನ್ನು ಬಿಟ್ಟು, ಅವನು ಹುಟ್ಟಿದ ಪಂಗಡವನ್ನೇ ತಪ್ಪಿಗೆ ಆಧಾರವಾಗಿಸಿತು. ಒಂದು ಪಂಗಡವನ್ನು ಈ ಪಟ್ಟಿಗೆ ಸೇರಿಸುವ ಮೊದಲು ಸ್ಥಳೀಯ ಸರ್ಕಾರವು ಸಲ್ಲಿಸಬೇಕಾದ ವರದಿಯಲ್ಲಿ, ಆ ಜನಕ್ಕೆ ನ್ಯಾಯಬದ್ಧವಾದ ಕಸುಬು ಇದೆಯೇ, ಇದ್ದರೆ ಅದು ನಿಜವಾದ ಕಸುಬೇ ಅಥವಾ ಕಳವಿಗೆ ಹಾಕಿಕೊಂಡ ಮರೆಯೇ ಎಂಬುದನ್ನು ತಿಳಿಸಬೇಕಾಗಿತ್ತು. ಕಸುಬು ಕಳೆದುಕೊಂಡವನು ಅನುಮಾನಕ್ಕೆ ಗುರಿಯಾಗುತ್ತಿದ್ದನು. ಕಸುಬು ಉಳ್ಳವನೂ ಅದರ ಸಾಚಾತನವನ್ನು ಅಧಿಕಾರಿಯ ಅಭಿಪ್ರಾಯಕ್ಕೆ ಬಿಡಬೇಕಾಗಿತ್ತು. ಹೀಗೆ ಹೊರಟ ಘೋಷಣೆಯನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿರಲಿಲ್ಲ. ಆರಂಭದಲ್ಲಿ ಉತ್ತರದ ಪ್ರಾಂತ್ಯಗಳಿಗೆ ಸೀಮಿತವಾಗಿದ್ದ ಕಾಯ್ದೆಯನ್ನು 1911ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವಂತೆ ಮಾಡಿದುದರಿಂದ ಮದ್ರಾಸು ಮತ್ತು ಮುಂಬಯಿ ಪ್ರಾಂತ್ಯಗಳ ಕನ್ನಡ ಜಿಲ್ಲೆಗಳೂ ಅದರ ವ್ಯಾಪ್ತಿಗೆ ಬಂದವು.

ಹೀಗೆ ಪಟ್ಟಿಗೆ ಸೇರಿದ ಜನರ ಬಡತನವು ಅವರ ಸ್ವಭಾವದಿಂದ ಬಂದುದಲ್ಲ. ಕೊರಚರು ಕರಾವಳಿಯ ಉಪ್ಪನ್ನು ಕತ್ತೆ, ಎತ್ತುಗಳ ಮೇಲೆ ಹೇರಿಕೊಂಡು ಒಳನಾಡಿಗೆ ತಂದು, ಅದಕ್ಕೆ ಬದಲಾಗಿ ಧಾನ್ಯವನ್ನು ಒಯ್ಯುತ್ತಿದ್ದರು. ಲಂಬಾಣಿಗರ ಹೇರೆತ್ತುಗಳ ಸಾಲುಗಳು ದಖನ್ನಿನ ಸೈನ್ಯಗಳಿಗೂ ಸಂತೆಗಳಿಗೂ ದವಸವನ್ನು ಮುಟ್ಟಿಸುತ್ತಿದ್ದವು. ಸರ್ಕಾರವು ಉಪ್ಪಿನ ಮೇಲೆ ಹಿಡಿತ ಬಿಗಿಗೊಳಿಸಿ, ರೈಲುಮಾರ್ಗಗಳು ಒಳನಾಡನ್ನು ತಲುಪಿ, 1878ರ ಅರಣ್ಯ ಕಾಯ್ದೆಯು ಮೇವು, ಸೌದೆ, ಬಿದಿರುಗಳಿಗೆ ಅಡ್ಡಿಯಾದಾಗ ಒಂದೇ ತಲೆಮಾರಿನ ಅವಧಿಯಲ್ಲಿ ಈ ವ್ಯಾಪಾರವು ಕುಸಿಯಿತು. ನಡುವೆ ಬಂದ ಧಾತು–ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರವರೆಗಿನ ಕ್ಷಾಮವು, ಜನರನ್ನೂ ದನಗಳನ್ನೂ ನುಂಗಿತು. ಬದುಕಿನ ದಾರಿಯನ್ನು ಮುಚ್ಚಿದ ಆಡಳಿತವೇ, ದಾರಿಯಲ್ಲಿ ಕಂಡವರನ್ನು ಕಳ್ಳರೆಂದು ಬರೆದುಕೊಂಡಿತು ಎಂಬುದು ಈ ಇತಿಹಾಸದ ಅತ್ಯಂತ ಕ್ರೂರವಾದ ಸಂಗತಿ.

ಮುಂಬಯಿ ಪ್ರಾಂತ್ಯದಲ್ಲಿ ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿಯು 1910ರ ಸುಮಾರಿಗೆ ವಿಜಾಪುರದಲ್ಲಿ ಆರಂಭಿಸಿದ ‘ಸೆಟ್ಲ್‌ಮೆಂಟ್’ ಪದ್ಧತಿಯು, ಎಂದರೆ ಪಟ್ಟಿಯಲ್ಲಿರುವ ಕುಟುಂಬಗಳನ್ನು ಒಂದೆಡೆ ಕಾವಲಿನಲ್ಲಿಟ್ಟು ದುಡಿಸುವ ಪದ್ಧತಿಯು, ಹುಬ್ಬಳ್ಳಿ ಮತ್ತು ಗದಗಗಳಿಗೂ ಹಬ್ಬಿತು. ಕೊರಮ, ಗಂಟಿಚೋರ, ಹರಣಶಿಕಾರಿ, ಕಂಜರಭಾಟ ಮೊದಲಾದ ಸಮುದಾಯಗಳವರು ಇಲ್ಲಿ ಗೊತ್ತಾದ ವೇಳೆಗೆ ಹಾಜರಿ ಕೊಡಬೇಕಾಗಿತ್ತು. ಹೊರಗೆ ಹೋಗಲು ರಹದಾರಿ ಚೀಟಿ ಬೇಕಾಗಿತ್ತು. ಚೀಟಿಯಿಲ್ಲದೆ ಸಿಕ್ಕಿದರೆ ಅದೇ ಶಿಕ್ಷೆಗೆ ಸಾಕಾಗುವ ಅಪರಾಧವಾಗಿತ್ತು. ಇದನ್ನು ಸುಧಾರಣೆಯೆಂದು ಬಣ್ಣಿಸಿದ ವರದಿಗಳಿವೆ, ಅಲ್ಲಿ ಶಾಲೆಗಳು ತೆರೆದುದೂ ನಿಜ. ಆದರೆ ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದ ಕೂಲಿಕಾರರು ಗಿರಣಿಗಳಿಗೆ ಸುಲಭವಾಗಿ ದೊರೆತದ್ದು ಈ ಸುಧಾರಣೆಯಿಂದಲೇ. ಹುಬ್ಬಳ್ಳಿಯ ಆ ವಸತಿಗೆ ಸೆಟ್ಲ್‌ಮೆಂಟ್ ಎಂಬ ಹೆಸರು ಇಂದಿಗೂ ಅಂಟಿಕೊಂಡಿದೆ.

ಕಾಯ್ದೆಯ ವಿರುದ್ಧ ಎದ್ದದ್ದು ಮನವಿಯ ದನಿ ಮಾತ್ರವಲ್ಲ. ಮಧುರೆ ಸೀಮೆಯ ಪೆರುಂಗಾಮನಲ್ಲೂರಿನಲ್ಲಿ ಹೆಸರು ನೋಂದಾಯಿಸಲು ಒಪ್ಪದ ಕಳ್ಳರ್ ಸಮುದಾಯದವರ ಮೇಲೆ 1920ರ ಏಪ್ರಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ ಹಲವರನ್ನು ಕೊಂದರು. ಮುಂದೆ ಹೋರಾಟವು ಶಾಸನಸಭೆಯತ್ತ ತಿರುಗಿತು. ಯಾವುದೇ ಪಂಗಡವನ್ನು ಇಡಿಯಾಗಿ ಅಪರಾಧಿಯೆನ್ನಲಾಗದು ಎಂದು ಜವಾಹರಲಾಲ್ ನೆಹರೂ 1936ರಲ್ಲಿ ನೆಲ್ಲೂರಿನಲ್ಲಿ ಹೇಳಿದರು. 1937ರಲ್ಲಿ ಮದ್ರಾಸು ಶಾಸನಸಭೆಗೆ ಆಯ್ಕೆಯಾದ ಮುತ್ತುರಾಮಲಿಂಗ ತೇವರ್ ರದ್ದತಿಗಾಗಿ ಸಭೆಯ ಒಳಗೂ ಹೊರಗೂ ಒತ್ತಾಯಿಸಿದರು. ಆಗಿನ ಮತದಾನದ ಹಕ್ಕು ಆಸ್ತಿ, ತೆರಿಗೆ ಅಥವಾ ವಿದ್ಯಾಭ್ಯಾಸ ಇದ್ದವರಿಗೆ ಮಾತ್ರ ಇದ್ದುದರಿಂದ, ಕಾಯ್ದೆಯ ಭಾರವನ್ನು ಹೊತ್ತ ಬಹುತೇಕರು ಶಾಸಕರ ಮುಂದೆ ಮತದಾರರಾಗಿ ನಿಲ್ಲುವಂತಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಸಂಖ್ಯೆಯಲ್ಲಿ ದೊಡ್ಡವಾದ, ಭೂಮಿಯುಳ್ಳ ಸಮುದಾಯಗಳಿಗೆ ಸಭೆಯಲ್ಲಿ ಮಾತನಾಡುವವರು ದೊರೆತರು. ಗುಡಾರಗಳಲ್ಲಿ ಬದುಕುವ ಸಣ್ಣ ಸಮುದಾಯಗಳು ಅನ್ಯರ ಅನುಕಂಪವನ್ನೇ ನೆಚ್ಚಬೇಕಾಯಿತು.

ಮದ್ರಾಸು 1947ರಲ್ಲಿ ಕಾಯ್ದೆಯನ್ನು ತೆಗೆದುಹಾಕಿ, ಮರುವರ್ಷವೇ ರೂಢಿಗತ ಅಪರಾಧಿಗಳ ನಿರ್ಬಂಧ ಕಾಯ್ದೆಯನ್ನು ತಂದಿತು. ರೂಢಿಗತ ಅಪರಾಧಿ ಎಂದರೆ ಮತ್ತೆ ಮತ್ತೆ ಶಿಕ್ಷೆಗೊಳಗಾದವನು. ಮುಂಬಯಿಯಲ್ಲಿ ಬದಲಿ ಕಾಯ್ದೆಯೇ 1947ರಲ್ಲಿ ಮೊದಲು ಬಂದಿತು, ರದ್ದತಿಯು 1949ರಲ್ಲಿ ಆಮೇಲೆ ಬಂದಿತು. ಕೇಂದ್ರವು ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನಂತೆ 1952ರ ಆಗಸ್ಟ್ 31ರಂದು ಹಳೆಯ ಕಾಯ್ದೆಯನ್ನು ದೇಶಾದ್ಯಂತ ಕೊನೆಗೊಳಿಸಿತು. ಆ ದಿನವನ್ನು ಈ ಸಮುದಾಯಗಳು ವಿಮುಕ್ತ ದಿನವೆಂದು ಆಚರಿಸುತ್ತವೆ. ಆದರೆ ಜಾತಿಯ ಹೆಸರನ್ನು ಕೈಬಿಟ್ಟು ವ್ಯಕ್ತಿಗೆ ಅನ್ವಯಿಸುವ ಕಾಯ್ದೆ ಬೇಕೆಂದು ಅದೇ ಸಮಿತಿಯು ಸಲಹೆ ನೀಡಿತ್ತು. ನೋಂದಣಿ, ಬೆರಳಚ್ಚು, ಸಂಚಾರದ ನಿರ್ಬಂಧಗಳೆಲ್ಲ ಹೊಸ ಕಾಯ್ದೆಗಳಿಗೆ ಹಾದುಬಂದವು. ಮೈಸೂರು ರಾಜ್ಯವು 1961ರಲ್ಲಿ ತನ್ನದೇ ಕಾಯ್ದೆಯನ್ನು ಮಾಡಿತು. ಹಳೆಯ ಪಟ್ಟಿಯನ್ನು ಬಾಯಿಪಾಠ ಮಾಡಿದ್ದ ಠಾಣೆಗಳಿಗೆ ಹೊಸ ಪಟ್ಟಿಯಲ್ಲಿ ಯಾರ ಹೆಸರು ಬರೆಯಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪಶ್ಚಿಮ ಬಂಗಾಳದಲ್ಲಿ ವಿಮುಕ್ತ ಸಮುದಾಯದ ಬುಧನ್ ಶಬರ್ 1998ರಲ್ಲಿ ಬಂಧನದಲ್ಲಿದ್ದಾಗ ಮೃತಪಟ್ಟ ಬಳಿಕ ಮಹಾಶ್ವೇತಾ ದೇವಿ, ಗಣೇಶ ದೇವಿ ಮತ್ತು ಲಕ್ಷ್ಮಣ ಗಾಯಕವಾಡ ಅವರು ವಿಮುಕ್ತ ಸಮುದಾಯಗಳ ಹಕ್ಕುಗಳಿಗಾಗಿ ಸಂಘಟನೆ ಕಟ್ಟಿದರು. ರೂಢಿಗತ ಅಪರಾಧಿಗಳ ಕಾಯ್ದೆಗಳು ರದ್ದಾಗಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2000ದಲ್ಲಿ, ಬಾಲಕೃಷ್ಣ ರೇಣಕೆ ಆಯೋಗವು 2008ರಲ್ಲಿ ಶಿಫಾರಸು ಮಾಡಿದವು. ಜೈಲುಗಳಲ್ಲಿನ ಜಾತಿ ತಾರತಮ್ಯವನ್ನು ಕುರಿತು 2024ರ ಅಕ್ಟೋಬರ್ 3ರಂದು ನೀಡಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇಂಥ ಕಾಯ್ದೆಗಳು ಇನ್ನೂ ಬೇಕೇ ಎಂಬುದನ್ನು ಸರ್ಕಾರಗಳು ನಿರ್ಧರಿಸಬೇಕೆಂದು ಕೋರಿತು. ಸಂವಿಧಾನದಲ್ಲಿ ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸ್ ಎರಡೂ ರಾಜ್ಯಪಟ್ಟಿಯ ವಿಷಯಗಳು. ಹಾಗಾಗಿ ಈ ಕಾಯ್ದೆಗಳನ್ನು ರದ್ದುಪಡಿಸುವ ಮಸೂದೆಗಳು ಮಂಡನೆಯಾಗಬೇಕಾದುದು ರಾಜ್ಯಗಳ ಶಾಸಕಾಂಗಗಳಲ್ಲಿಯೇ.